ಹರಿಹರದ ಸವತಿ

ನನ್ನ ಸವತಿ ಹರಿಹರದ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿದ್ದಳು. ಬಿಳಿ ಮೈ, ಗುಲಾಬಿ ಕಿವಿ, ನಾಲ್ಕು ಕಾಲು. ನನ್ನ ಗಂಡ ಪಶುವೈದ್ಯರು. ಅವರು ಹಂದಿಯ ಕರುಳಿನ ಸೂಕ್ಷ್ಮಜೀವಿಗಳು ತಯಾರಿಸುವ ಪದಾರ್ಥಗಳನ್ನು ಅದರ ಅಂಗಗಳು ಹೇಗೆ ಹಂಚಿಕೊಳ್ಳುತ್ತವೆ ಎಂದು ನೋಡುವ ಸಂಶೋಧನೆಗೆ ಸೇರಿದ ಮೇಲೆ ನಮ್ಮ ಮನೆಯಲ್ಲಿ ಹೊತ್ತು ಹೊತ್ತಿಗೂ ಅವಳದೇ ಮಾತು. ನಗುವವರು ನಗಲಿ. ಇನ್ನೊಬ್ಬ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಊರಿಗೆ ಅರ್ಥವಾಗುತ್ತದೆ. ಹಂದಿಯ ಮೇಲೆ ಪಟ್ಟವಳು ಯಾರ ಹತ್ತಿರ ಹೇಳಿಕೊಳ್ಳಬೇಕು?

ನಾವಿರುವುದು ಶಾಮನೂರಿನ ಹೊಸ ಬಡಾವಣೆಯಲ್ಲಿ. ನನಗೆ ಹತ್ತಿರದ ಕರೂರಿನ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಸರಿ ಇದೆಯೋ ಇಲ್ಲವೋ ನೋಡುವ ಕೆಲಸ. ಸಂಜೆ ನಾನೂ ದಣಿದೇ ಬರುತ್ತೇನೆ. ಅವರು ಬಂದರೆ ಹಿತ್ತಲ ಬಾಗಿಲಿನಿಂದಲೇ ಒಳಗೆ. ಅತ್ತೆ ಬಚ್ಚಲಲ್ಲಿ ಬಿಸಿನೀರು ತೋಡಿಟ್ಟು, "ಮೊದ್ಲು ಮೈ ತೊಳ್ಕ, ಆಮ್ಯಾಲೆ ದೇವ್ರ ಮನಿ ಕಡೆ ಬಾ" ಎಂದು ಕೂಗುತ್ತಿದ್ದರು. ಮೈ ತೊಳೆದು ಬಂದು ರೊಟ್ಟಿ ಮುರಿದರೆ ಶುರು: ಇವತ್ತು ಅವಳು ಎಷ್ಟು ತೌಡು ತಿಂದಳು, ಎಷ್ಟು ಬಿಟ್ಟಳು, ತಿಂದು ಹೇಗೆ ಮಲಗಿದಳು. ಆ ರೊಟ್ಟಿ ಬಡಿದವಳು ಎದುರಿಗೇ ಕುಳಿತಿರುತ್ತಿದ್ದೆ. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನೂ "ಊಟ ಆತೇನ್ರಿ" ಎಂದು ಕೇಳುತ್ತಾರೆ. ನನ್ನ ಗಂಡ ನನ್ನನ್ನು ಒಂದು ದಿನವೂ ಕೇಳಿದವರಲ್ಲ. ನನಗೆ ಬಂಗಾರ ಬೇಕಿರಲಿಲ್ಲ, ಆ ಒಂದು ಮಾತು ಬೇಕಿತ್ತು.

ಒಂದು ಶನಿವಾರ ಅವರು ಇದ್ದಕ್ಕಿದ್ದಂತೆ, "ನಾಳೆ ಹರಿಹರಕ್ಕೆ ಬರ್ತೀಯೇನು?" ಎಂದರು. ಹೊಳೆ, ದೇವಸ್ಥಾನ, ವಾಪಸ್ ಬರುತ್ತ ಇಬ್ಬರೇ ಕೂತು ಬೆಣ್ಣೆದೋಸೆ. ಮನಸ್ಸಿನಲ್ಲಿ ಎಲ್ಲ ಆಗಿಯೇ ಹೋಯಿತು. ಬೆಳಿಗ್ಗೆ ತವರಿನವರು ಕೊಟ್ಟ ಹಸಿರು ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದೆ. ಬೈಕು ದೇವಸ್ಥಾನದ ಕಡೆ ತಿರುಗಲೇ ಇಲ್ಲ, ಶೆಡ್ಡಿನ ಮುಂದೆ ನಿಂತಿತು.

"ನಮ್ಮ ಕೆಲಸದಾಳು ಇವತ್ತು ರಜ. ರಕ್ತ ತೆಗೆಯೋವಾಗ ಅವಳನ್ನ ಮಲಗಿಸೋರು ಬೇಕು. ಹೊಟ್ಟಿ ಕೆರೆದ್ರೆ ಸಾಕು, ಮಲಗ್ತಾಳೆ."

"ರೇಷ್ಮಿ ಸೀರಿ ಉಟ್ಕಂಡು ಹಂದಿ ಹೊಟ್ಟಿ ಕೆರೀಲೇನ್ರಿ?"

"ಒಳಗೆ ಏಪ್ರನ್ ಐತೆ" ಎಂದರು. ಸೀರೆಯನ್ನು ನೋಡಿದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅವಳ ಬೆನ್ನ ಮೇಲೆ ಬಟ್ಟೆಯ ಚೀಲವಿತ್ತು, ಅದರೊಳಗೆ ಸಣ್ಣ ನಳಿಕೆಗಳ ತುದಿಗಳು. ಆಪರೇಷನ್ ಮಾಡಿ ಅವನ್ನು ಒಳಗಿನ ರಕ್ತನಾಳಗಳಿಗೆ ಸೇರಿಸಿದ್ದರಂತೆ. ಒಂದು ಅಂಗಕ್ಕೆ ಹೋಗುವ ರಕ್ತವನ್ನು ಒಬ್ಬರು, ಅದರಿಂದ ಹೊರಬರುವ ರಕ್ತವನ್ನು ಇನ್ನೊಬ್ಬರು ಒಟ್ಟಿಗೇ ಎಳೆಯಬೇಕು. ಎರಡನ್ನೂ ಹೋಲಿಸಿದರೆ ಆ ಅಂಗ ಏನನ್ನು ಇಟ್ಟುಕೊಂಡಿತು, ಏನನ್ನು ಸೇರಿಸಿ ಕಳಿಸಿತು ಎಂದು ತಿಳಿಯುತ್ತದೆ. ನನ್ನ ಗಂಡ ಮತ್ತು ಅವರ ಜೊತೆಯ ಡಾಕ್ಟರು ಸಿರಿಂಜು ಹಿಡಿದು ಕೂತರು. ನಾನು ಹೊಟ್ಟೆ ಕೆರೆದೆ. ಅವಳು ನಿಟ್ಟುಸಿರು ಬಿಟ್ಟು ಮಗ್ಗುಲಾದಳು. ಕೆರೆದವಳು ನಾನು, ಅವಳ ಕಣ್ಣು ಮಾತ್ರ ಅವರ ಮೇಲೆ. ಅವರೋ, "ಆತವ್ವಾ, ಆತು, ಆತು" ಎಂದು ಕಿವಿ ಸವರುತ್ತಿದ್ದರು. ನನಗೆ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ರಕ್ತ ತೆಗೆಸುವಾಗ ಇದೇ ಮನುಷ್ಯ ಹೊರಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು.

ರಕ್ತ ತುಂಬಿದ ಕೊಳವೆಗಳನ್ನು ಐಸಿನಲ್ಲಿಟ್ಟ ಮೇಲೆ ಅವರಿಗೆ ಮಾತಿನ ಹುಮ್ಮಸ್ಸು ಬಂತು. "ತೌಡಿನಾಗಿನ ನಾರು ಅವಳಿಗೆ ತಾನಾಗೇ ಅರಗಲ್ಲ. ದೊಡ್ಡ ಕರುಳಿನಾಗಿರೋ ಸೂಕ್ಷ್ಮಜೀವಿಗಳು ಅದನ್ನ ಮುರಿದು ಸಣ್ಣ ಸಣ್ಣ ಆಮ್ಲ ಮಾಡ್ತಾವೆ. ಒಂದು ಬಗೀದನ್ನ ಕರುಳಿನ ಗೋಡೆನೇ ಹೆಚ್ಚುಕಮ್ಮಿ ಮುಗಿಸಿಬಿಡ್ತೈತೆ. ಇನ್ನೊಂದನ್ನ ಲಿವರ್ ಹಿಡ್ಕಂತೈತೆ. ಉಳಿದಿದ್ದು ದೂರದ ಅಂಗಗಳಿಗೆ."

"ದೂರದಾವು ಹಸ್ಕಂಡೇ ಇರ್ತಾವೇನ್ರಿ?"

"ಹಂಗಲ್ಲ. ಎಲ್ಲಾವೂ ಕೊಡ್ತಾವೆ, ತಗಂತಾವೆ. ಲಿವರ್ ಕರುಳಿಗೆ ಪಿತ್ತ ಕಳಿಸ್ತೈತೆ, ಸೂಕ್ಷ್ಮಜೀವಿಗಳು ಅದರ ರೂಪ ಬದಲಿಸ್ತಾವೆ, ಬಹಳಷ್ಟು ಮತ್ತೆ ಲಿವರ್‌ಗೇ ಬರ್ತೈತೆ. ಪಕ್ಕದ ಮನಿ ಬಟ್ಟಲು ಇದ್ದಂಗೆ. ಯಾರೂ ಖಾಲಿ ವಾಪಸ್ ಕಳ್ಸಲ್ಲ."

ಎಷ್ಟು ಚೆನ್ನಾಗಿ ಹೇಳಿದರು! ಕೇಳುತ್ತ ಕೇಳುತ್ತ ನನ್ನ ಮೈಯೆಲ್ಲ ಉರಿಯಿತು. ನಾನು ಕಳಿಸಿದ ಬಟ್ಟಲು ಮದುವೆಯಾದಾಗಿನಿಂದ ಖಾಲಿಯೇ ಬರುತ್ತಿತ್ತು. ಅವರ ಅಕ್ಕರೆಯಲ್ಲಿ ಮೊದಲ ಪಾಲು ಹಂದಿಗೆ, ಆಮೇಲಿನದು ಅವರ ಅವ್ವನಿಗೆ. ನಾನು ದೂರದ ಅಂಗ. ಸೀರೆಯ ಸೆರಗಿಗೆ ಹತ್ತಿದ ಹಂದಿ ವಾಸನೆ ಮೂರು ಸಲ ಒಗೆದರೂ ಹೋಗಲಿಲ್ಲ.

ಕೆಲವು ವಾರಗಳ ಮೇಲೆ ಅವರು ಊಟಕ್ಕೆ ಕೂತವರು ತಲೆ ಎತ್ತದೆ, "ರಕ್ತ ನೋಡೋದು ಮುಗೀತು. ಇನ್ನು ಅಂಗಗಳನ್ನೇ ತೆಗೆದು ನೋಡ್ಬೇಕು" ಎಂದರು. ಅಂದರೆ ಅವಳ ಕಥೆ ಮುಗಿಯಿತು. ನನಗೆ ಖುಷಿಯಾಯಿತು, ಮುಚ್ಚಿಡುವುದೇನು. ಮರುದಿನ ಕೆಲಸದ ಗೆಳತಿಯರಿಗೆಲ್ಲ ಮಿರ್ಚಿ ಮಂಡಕ್ಕಿ ಕೊಡಿಸಿದೆ. ಏನು ವಿಶೇಷ ಎಂದು ಕೇಳಿದವರಿಗೆ ಇನ್ನೊಂದು ಮಿರ್ಚಿ ಹಾಕಿಸಿದೆ.

ಅವಳನ್ನು ಕೊಯ್ಯುವ ದಿನ ಅತ್ತೆ ಹದಡಿಯ ಮಗಳ ಮನೆಗೆ ಹೋಗಿದ್ದರು. ನಾನು ರಜೆ ಹಾಕಿ ಬದನೆಕಾಯಿ ಎಣ್ಣೆಗಾಯಿ ಮಾಡಿ, ಇಬ್ಬರೂ ಕೂಡಿ ಉಣ್ಣೋಣವೆಂದು ಮಧ್ಯಾಹ್ನ ಏನೂ ತಿನ್ನದೆ ಕಾದೆ. ಅವರು ಹೊತ್ತು ಮುಳುಗುವ ಮೊದಲೇ ಬಂದು, ಮೈ ತೊಳೆದು, ತಟ್ಟೆಯ ಮುಂದೆ ಕೂತರು. ಒಂದು ತುತ್ತು ಮುರಿದು ಹಾಗೇ ಹಿಡಿದುಕೊಂಡರು.

"ನಿನ್ನೆಯಿಂದ ಉಪವಾಸ ಇಟ್ಟಿದ್ವಿ. ನಾ ಮೇವು ತಂದೀನಿ ಅನ್ಕಂಡು ಎದ್ದು ಬಂದ್ಲು. ಹಸ್ಕಂಡೇ ಹೋದ್ಲು."

ಅತ್ತರು. ಅವರ ಅಪ್ಪ ತೀರಿಕೊಂಡಾಗಲೂ ಇಂಥ ಅಳು ನಾನು ಕಂಡಿರಲಿಲ್ಲ. ಸತ್ತ ಎಮ್ಮೆಗೆ ಸೇರು ಹಾಲು ಎನ್ನುತ್ತಾರೆ. ಇನ್ನು ಇವಳ ಗುಣಗಾನ ಬೆಳೆಯುತ್ತಲೇ ಹೋಗುತ್ತದೆ. ಬದುಕಿದ್ದರೆ ಹರಿಹರಕ್ಕಾದರೂ ಹೋಗಿ ದುರುಗುಟ್ಟಿ ನೋಡಿ ಬರಬಹುದಿತ್ತು, ಈಗ ಎಲ್ಲಿಗೆ ಹೋಗಿ ಜಗಳಾಡಲಿ? ನಾನು ಸತ್ತರೆ ಇಷ್ಟು ಅಳುತ್ತಾರೆಯೇ ಎಂದು ಕೇಳಿಬಿಡಬೇಕೆನಿಸಿತು.

ಅಷ್ಟರಲ್ಲಿ ಅವರು ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದರು. ನನ್ನ ಮುಂದೆ ತಟ್ಟೆ ಇಲ್ಲದ್ದು ಕಂಡಿರಬೇಕು.

"ನೀ ಉಂಡೇನು?"

ಇಷ್ಟು ವರ್ಷ ಕಾದ ಮಾತು. ಹೊಟ್ಟೆ ಚುರುಗುಡುತ್ತಿತ್ತು, ಎಣ್ಣೆಗಾಯಿ ಪಕ್ಕದಲ್ಲೇ ಇತ್ತು. ಆದರೆ ಅವಳು ಹಸಿದು ಹೋಗದಿದ್ದರೆ ಈ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ.

"ಹ್ಞೂಂರಿ, ಉಂಡೆ" ಎಂದೆ. ಹಂದಿ ಬಿಟ್ಟ ಎಂಜಲು ನನಗೆ ಬೇಡವಾಗಿತ್ತು.