ಚಿಗವ್ವ ಹಾಕಿದ ಗಂಟು

ಮೊನ್ನೆ ಚಳಿಗೆಂದು ಶಾಲು ಹುಡುಕುತ್ತ ಟ್ರಂಕು ತೆಗೆದರೆ ಗಂಜಿ ಹಚ್ಚಿದ ನೂಲಿನ ವಾಸನೆ ಬಡಿಯಿತು. ನೇಕಾರರ ಊರಾದ ರಬಕವಿಯಲ್ಲಿ ಹುಟ್ಟಿದವರಿಗೆ ಈ ವಾಸನೆಯ ಪರಿಚಯ ಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಬಸಿದ ಗಂಜಿಯನ್ನು ಎರಡು ದಿನ ಮರೆತಿಟ್ಟರೆ ಬರುವಂಥದ್ದು, ಸ್ವಲ್ಪ ಹುಳಿ. ಶಾಲಿನ ಕೆಳಗೆ ಒಂದು ಕಟ್ಟಿತ್ತು. ದಿನಪತ್ರಿಕೆಯಲ್ಲಿ ಸುತ್ತಿ ಕೆಂಪು ನೂಲಿನಿಂದ ಬಿಗಿದ ಇನ್ನೂರು ಹಾಳೆ. ನಾನು ಜೀವಮಾನದಲ್ಲಿ ಬರೆದ ಒಂದೇ ಪುಸ್ತಕದ ಹಸ್ತಪ್ರತಿ. ಅದು ಸಿಕ್ಕ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಡಾಕ್ಟರರು ಬಿ.ಪಿ. ಗುಳಿಗೆ ಬದಲಿಸಿ ನೋಡಿದ್ದಾರೆ. ಗುಳಿಗೆಗೆ ಬಗ್ಗುವ ಸಿಟ್ಟಲ್ಲ ಇದು. ನಿಮ್ಮ ಮುಂದೆ ಹೇಳಿಕೊಂಡರೆ ಇಳಿದೀತೇನೋ.

ಬರೆದವನು ನಾನಾದರೂ ಪುಸ್ತಕ ಚಿಗವ್ವನದು. ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ. ಗಲಗಲಿಯ ಹತ್ತಿರ ಹೊಳೆ ದಂಡೆಯ ಸಣ್ಣ ಊರು ಅವಳ ತವರು. ಮದುವೆಯಾಗಿ ರಬಕವಿಗೆ ಬಂದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳು, ಮಂಡಿ ಹಿಡಿಯುವವರೆಗೂ ಏಳಲಿಲ್ಲ. ಆಲಮಟ್ಟಿಯ ಹಿನ್ನೀರು ಏರಿದಾಗ ಆ ತವರೂರು ಮುಳುಗಿತು. ಅದಕ್ಕೂ ಮೊದಲು ಎರಡು ಮಾತಿಗೆ ಮೂರನೆಯದು ಆಡದವಳು, ಊರು ಮುಳುಗಿದ ಮೇಲೆ ಮಾತು ನಿಲ್ಲಿಸಲೇ ಇಲ್ಲ. ಲಾಳಿ ಅತ್ತ ಹೋಗುವಾಗ ಅರ್ಧ ಮಾತು, ಇತ್ತ ಬರುವಾಗ ಇನ್ನರ್ಧ.

ನಾನಾಗ ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಲಾರಿ ತೂಗುವ ಗುಮಾಸ್ತ. ರವಿವಾರ ಊರಿಗೆ ಬಂದು ಮಗ್ಗದ ಪಕ್ಕ ಕೂತು, ಹಳೆಯ ರಜಿಸ್ಟರುಗಳ ಖಾಲಿ ಹಾಳೆಯಲ್ಲಿ ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಕಡೆಯ ದಿನ ಅವಳ ಅಣ್ಣಂದಿರು ಮನೆಯ ಬಾಗಿಲು, ತೊಲೆ ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಿದ್ದರಂತೆ. ಅವರವ್ವ ಮಾತ್ರ ಸಗಣಿ ಕಲಸಿಕೊಂಡು ಬಂದು ನೆಲ ಸಾರಿಸಲು ಕೂತಳು.

"ನಮ್ಮಣ್ಣ ಬೈದಾ, ಯವ್ವಾ, ನೀರ ಬರಾಕತ್ತೈತಿ, ಯಾರಿಗಂತ ಸಾರಸ್ತಿ? ಅಂದ. ನಮ್ಮವ್ವ ತಲಿ ಎತ್ತಲಿಲ್ಲ. ಬರವ್ರು ಯಾರರೆ ಇರಲಿ, ಹೊಲಸ ಮನಿಗೆ ಕರಿಯೂದು ನಮ್ಮ ಪದ್ಧತಿ ಅಲ್ಲ, ಅಂದ್ಳು."

ಇದನ್ನು ಹೇಳಿ ಚಿಗವ್ವ ಲಾಳಿ ಎಸೆದಳು. ನಾನು ಒಂದಕ್ಷರ ಬದಲಿಸದೆ ಬರೆದುಕೊಂಡೆ. ಸಾಹಿತಿಯಾಗಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಆಮೇಲೆ ಮಾಡಿದ್ದೆಲ್ಲ ಮೂರ್ಖತನ. ಪುಸ್ತಕವೇನೋ ಮುಗಿಯಿತು, ಅಚ್ಚು ಮಾಡುವವರು ಯಾರು? ಒಂದು ವಾರಪತ್ರಿಕೆಯಲ್ಲಿ ಜಾಹೀರಾತು ಕಂಡಿತು. ಬೆಂಗಳೂರಿನ ಒಂದು ಲಿಟರರಿ ಏಜೆನ್ಸಿ. ಹೊಸ ಲೇಖಕರ ಹಸ್ತಪ್ರತಿ ಓದಿ, ಯೋಗ್ಯವಾದದ್ದನ್ನು ಪ್ರಕಾಶಕರಿಗೆ ಮುಟ್ಟಿಸುತ್ತಾರಂತೆ. ನಮ್ಮ ಕಡೆ ಏಜೆನ್ಸಿ ಎಂದರೆ ಗೊಬ್ಬರದ್ದು, ಸಿಮೆಂಟಿನದು. ಚಿಗವ್ವನಿಗೆ ಬಿಡಿಸಿ ಹೇಳಿದೆ.

"ಹಂಗಾರ ಪುಸ್ತಕಕ್ಕೂ ದಲಾಲ್ರು ಇರ್ತಾರನ್ನು," ಎಂದಳು.

ಕಟ್ಟು ಕಟ್ಟಿದ್ದು ಅವಳೇ. ಇಲ್ಲಿ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ಸೀರೆ ಕೊಳ್ಳುವ ಸಾವಕಾರನಿಗೆ ಮಾದರಿ ಕಳಿಸುವಾಗ ಮಡಿಸಿ ಘಡಿ ಮಾಡಿ, ಹಾಸಿನಲ್ಲಿ, ಎಂದರೆ ಮಗ್ಗಕ್ಕೆ ಹೂಡಿದ ಉದ್ದ ನೂಲಿನಲ್ಲಿ, ಉಳಿದ ಎಳೆಯಿಂದಲೇ ಬಿಗಿದು, ಗಂಟಿಗೆ ಒಂದು ಹನಿ ಗಂಜಿ ಹಚ್ಚುತ್ತಿದ್ದರು. ಒಣಗಿದರೆ ಕಲ್ಲು. ಒಬ್ಬೊಬ್ಬರ ಗಂಟು ಒಂದೊಂದು ತರಹ, ಹಾಕಿದವರೇ ಬಿಚ್ಚಬೇಕು. ಬೇರೆಯವರಾದರೆ ಕತ್ತರಿಯೇ ಗತಿ. ಎಳೆ ಕತ್ತರಿಸಿದ ಸಾವಕಾರ ಮಾಲು ಇಟ್ಟುಕೊಳ್ಳಬೇಕು, ಇಲ್ಲವೆ ಏನು ಕೊರತೆ ಎಂದು ಹೇಳಿ ಕಳಿಸಬೇಕು. ಗಂಟು ಹಾಗೇ ವಾಪಸು ಬಂತೆಂದರೆ ಆತ ನೋಡಲೇ ಇಲ್ಲವೆಂದು ಅರ್ಥ. ಹಾಗೆ ಒಮ್ಮೆ ಕಳಿಸಿದ ಬನಹಟ್ಟಿಯ ಸಾವಕಾರನೊಬ್ಬನ ಅಂಗಡಿಯ ಮೆಟ್ಟಿಲನ್ನು ನಮ್ಮ ಕಾಕಾ ಸಾಯುವವರೆಗೆ ತುಳಿಯಲಿಲ್ಲ.

"ಚಿಗವ್ವಾ, ಇದು ಸೀರಿ ಅಲ್ಲ. ಅವರು ದೊಡ್ಡ ಮಂದಿ, ನಗ್ತಾರ," ಎಂದೆ.

"ಮಾಲು ಅಂದ್ರ ಮಾಲ. ನಕ್ರ ನಗಲಿ," ಎಂದು ಗಂಜಿ ಹಚ್ಚಿದಳು.

ಮೇಲೆ ಖಾಕಿ ಕಾಗದ ಸುತ್ತಿ, ನನ್ನ ಪತ್ರ ಲಗತ್ತಿಸಿ ಜಮಖಂಡಿಯಿಂದ ರಜಿಸ್ಟರ್ ಪಾರ್ಸೆಲ್ ಮಾಡಿದೆ. ಏಳು ತಿಂಗಳು ಪ್ರತಿ ರವಿವಾರ ಊರಿಗೆ ಬಂದವನೇ ಪೋಸ್ಟ್‌ಮನ್ ಏನಾದರೂ ತಂದನೆ ಎಂದು ಕೇಳಿದೆ. ಕೊನೆಗೊಂದು ದಿನ ದೊಡ್ಡ ಲಕೋಟೆ ಬಂತು. ಒಳಗೆ ನನ್ನ ಕಟ್ಟು, ಮೇಲೊಂದು ಟೈಪು ಮಾಡಿದ ಕಾಗದ. 'ತಮ್ಮ ಹಸ್ತಪ್ರತಿಯನ್ನು ಕೂಲಂಕಷವಾಗಿ ಓದಿದೆವು. ವಸ್ತು ಚೆನ್ನಾಗಿದೆ. ಆದರೆ ಪಾತ್ರಗಳ ಮಾತು ತೀರಾ ಪ್ರಾದೇಶಿಕವಾಗಿದ್ದು ನಾಡಿನ ಎಲ್ಲ ಓದುಗರಿಗೆ ತಲುಪಲಾರದು. ಶಿಷ್ಟ ಭಾಷೆಯಲ್ಲಿ ತಿದ್ದಿ ಬರೆದರೆ ಮತ್ತೆ ಪರಿಶೀಲಿಸಬಹುದು.'

ನನಗೆ ಏನನ್ನಿಸಿತು ಗೊತ್ತೆ? ನಾಚಿಕೆ. ಬಂದ ಕಟ್ಟನ್ನು ಮುಟ್ಟಲೂ ಮನಸ್ಸಾಗದೆ ಟ್ರಂಕಿನ ತಳಕ್ಕೆ ತಳ್ಳಿದೆ. ರಜಿಸ್ಟರುಗಳ ಕರಡನ್ನು ಮುಂದಿಟ್ಟುಕೊಂಡು ಎರಡು ವರ್ಷ ಚಿಗವ್ವನ ಬಾಯಿ ತೊಳೆದೆ. 'ಬರಾಕತ್ತೈತಿ' ಹೋಗಿ 'ಆಗಮಿಸಲಿದೆ' ಬಂತು. ಅವರವ್ವನ ಕೈಯಲ್ಲಿ, ಇದನ್ನು ಬರೆಯಲು ಈಗಲೂ ಮೈ ಉರಿಯುತ್ತದೆ, 'ಅತಿಥಿಗಳು ಯಾರೇ ಆಗಿರಲಿ, ಅಶುಚಿಯಾದ ಗೃಹಕ್ಕೆ ಆಹ್ವಾನಿಸುವುದು ನಮ್ಮ ಸಂಸ್ಕೃತಿಯಲ್ಲ' ಎಂದು ಹೇಳಿಸಿದೆ. ಕೆಲಸ ಮುಗಿದ ಖುಷಿಗೆ ರಜಿಸ್ಟರುಗಳನ್ನೆಲ್ಲ ರದ್ದಿಗೆ ಹಾಕಿದೆ. ಒಂದು ರವಿವಾರ ಹೊಸ ಪ್ರತಿಯನ್ನು ಚಿಗವ್ವನಿಗೆ ಓದಿ ಹೇಳಿದೆ. ಅವಳು ಮಗ್ಗ ನಿಲ್ಲಿಸಿ, ಮರ್ಯಾದೆಯಿಂದ ಕೂತು ಕೇಳಿದಳು.

"ಛಲೋ ಐತಿ," ಎಂದಳು ಕೊನೆಗೆ. "ಪಾಪ, ಯಾರ ಮನಿ ಕತಿ ಇದು?"

ಆ ಪ್ರತಿಯನ್ನು ನಾನು ಎಲ್ಲಿಗೂ ಕಳಿಸಲಿಲ್ಲ. ಅದರ ಹಾಳೆಗಳಲ್ಲಿ ನನ್ನ ಮಗ ಗಣಿತ ಮಾಡಿ ಮುಗಿಸಿದ. ಬರೆಯುವುದು ನಮ್ಮಂಥವರ ಹಣೆಯಲ್ಲಿಲ್ಲ ಎಂದು ಲಾರಿ ತೂಗುತ್ತ ಹತ್ತು ವರ್ಷ ಕಳೆದೆ.

ಈಗ ಮೊನ್ನೆಯ ಸಂಗತಿ. ಕಟ್ಟನ್ನು ತಂದು ಪಡಸಾಲೆಯಲ್ಲಿ ಕೂತಿದ್ದ ಚಿಗವ್ವನ ತೊಡೆಯ ಮೇಲಿಟ್ಟೆ. ಪೊರೆ ಬಂದ ಕಣ್ಣು, ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣದು. ಕೈ ಆಡಿಸಿದಳು. ಬೆರಳು ಒಂದು ಕಡೆ ನಿಂತಿತು.

"ಲೇ, ಇದು ನಾ ಹಾಕಿದ ಗಂಟು."

"ಹೌದು. ಬೆಂಗಳೂರಿಗೆ ಕಳಿಸಿದ್ವಲ್ಲ, ಅದ."

"ಅವರು ಓದೇವಿ ಅಂತ ಬರದಿದ್ರಲ್ಲ?"

"ಓದ್ಯಾರ. ಕಾಗದ ಬಂದಿತ್ತಲ್ಲ."

"ಎಲ್ಲಿಂದ ಓದ್ತಾರೋ ಖೋಡಿ," ಎಂದಳು ಚಿಗವ್ವ. "ಇದನ್ನ ಯಾರೂ ಬಿಚ್ಚೇ ಇಲ್ಲ."

ಬಾಗಿ ನೋಡಿದೆ. ಎಳೆ ಎಲ್ಲಿಯೂ ತುಂಡಾಗಿರಲಿಲ್ಲ. ಗಂಜಿ ಹನಿ ಹಚ್ಚಿದಲ್ಲೇ ಒಣಗಿ ಕೂತಿತ್ತು. ಮೇಲಿನ ಖಾಕಿ ಕಾಗದ ಹರಿದವರು ಒಳಗಿನ ಎಳೆಯನ್ನು ಮುಟ್ಟಿರಲಿಲ್ಲ. ಹಾಗಾದರೆ ಪಾತ್ರಗಳ ಮಾತು ಪ್ರಾದೇಶಿಕವೆಂದು ಅವರಿಗೆ ಹೇಗೆ ತಿಳಿಯಿತು? ನನ್ನ ವಿಳಾಸ ಓದಿದರು. ಬಾಗಲಕೋಟೆ ಜಿಲ್ಲೆ, ಜಮಖಂಡಿ ತಾಲ್ಲೂಕು, ರಬಕವಿ. ಅಷ್ಟು ಸಾಕಾಯಿತು. ಊರಿನ ಹೆಸರು ನೋಡಿ ನಮ್ಮ ಬಾಯಿ ಹೇಗಿರಬೇಕೆಂದು ತೀರ್ಮಾನ ಮಾಡಿದ ಆ ಮಹಾನುಭಾವನ ಕೈಗೆ ಒಂದು ಕತ್ತರಿ ಸಿಗಲಿಲ್ಲವೆ? ಏಳು ತಿಂಗಳಲ್ಲಿ ಒಂದು ಬ್ಲೇಡು?

ಅವನನ್ನು ಬೈದು ಬೈದು ಬಾಯಿ ಒಣಗಿದ ಮೇಲೆ ಸಿಟ್ಟು ನನ್ನ ಕಡೆ ತಿರುಗಿತು. ಅವನಿಗೆ ಗಂಟಿನ ಭಾಷೆ ಗೊತ್ತಿರಲಿಲ್ಲ, ಬಿಡಿ. ಮಗ್ಗದ ಮನೆಯಲ್ಲಿ ಹುಟ್ಟಿದ ನನಗೆ ಗೊತ್ತಿತ್ತು. ಬೆಲ್ಲದ ಉಂಡೆಗೆ ಇರುವೆ ಮುತ್ತುವ ಹಾಗೆ ಟೈಪು ಮಾಡಿದ ನಾಲ್ಕು ಸಾಲಿಗೆ ಮುತ್ತಿಕೊಂಡ ನಾನು, ಕೈಯಲ್ಲೇ ಇದ್ದ ನೂಲನ್ನು ನೋಡಲಿಲ್ಲ. ಅವರು ಓದದೆ ತಿರಸ್ಕರಿಸಿದರು. ನಾನು ಎರಡು ವರ್ಷ ಕೂತು, ಓದಿ ಓದಿ ತಿರಸ್ಕರಿಸಿದೆ.

ಚಿಗವ್ವ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಗಂಟಿಗೆ ಎಂಜಲು ಹಚ್ಚಿ ಮೆತ್ತಗೆ ಮಾಡಿ, ಉಗುರಿನಿಂದ ಒಂದು ಸುತ್ತು, ಇನ್ನೊಂದು ಸುತ್ತು ತೆಗೆದಳು. ಎಳೆ ಇಡಿಯಾಗಿ ಬಂತು. ಹಾಳೆ ಹುಡುಕಿ ಓದಲು ಶುರುಮಾಡಿದೆ. ತೊಲೆ, ಟ್ರ್ಯಾಕ್ಟರು, ಸಗಣಿ. "ಯವ್ವಾ, ನೀರ ಬರಾಕತ್ತೈತಿ, ಯಾರಿಗಂತ ಸಾರಸ್ತಿ?" ಎಂದು ಓದಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಮಾತನ್ನು ಅವಳೇ ಹೇಳಿ ಮುಗಿಸಿದಳು, ಅಕ್ಷರಕ್ಕೆ ಅಕ್ಷರ.

ಆಮೇಲೆ ಹಾಳೆಯ ಮೇಲೆ ಕೈಯಿಟ್ಟು, "ಇದು ನಮ್ಮವ್ವನ ಮನಿ," ಎಂದಳು.

ನಾಳೆ ಜಮಖಂಡಿಗೆ ಹೋಗಿ ಝೆರಾಕ್ಸ್ ಮಾಡಿಸಬೇಕು. ಎಲ್ಲಿಗೆ ಕಳಿಸುವುದೆಂದು ಇನ್ನೂ ಗೊತ್ತಿಲ್ಲ, ಕಳಿಸುವುದಂತೂ ಹೌದು. ಈ ಸಲ ಬರೀ ರಬ್ಬರ್ ಬ್ಯಾಂಡು ಹಾಕೋಣ, ಪಾಪ ಅವರಿಗೂ ಸುಲಭ ಎಂದು ಹೇಳಿ ನೋಡಿದೆ. ಚಿಗವ್ವ ಆ ಕೆಂಪು ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಾಳೆ, ಕೊಡುತ್ತಿಲ್ಲ.

"ಓದವ್ರಾದ್ರ ಬಿಚ್ಚತಾರ," ಎನ್ನುತ್ತಾಳೆ. "ಗಂಜಿ ಕಾಸು ಹೋಗು."