ಚಟ್ನಿ ಬಟ್ಟಲಿನ ಬೋಲ್ಟುಗಳು

ಎಷ್ಟು ಸಲ ಎಡವಟ್ಟಾದರೂ ಗೋರ್ವಾದ ಉಡುಪಿ ಹೋಟೆಲಿನ ದೊಡ್ಡಣ್ಣ ಶೆಟ್ಟರು ತಮ್ಮ ಕಾರನ್ನು ರಿಪೇರಿಗೆ ಕೊಡುವುದು ಪಕ್ಕದ ಐಟಿಐಯಲ್ಲಿ ಆಟೋಮೊಬೈಲ್ ಕಲಿಯುವ ಮಕ್ಕಳಿಗೇ ನೋಡಿ! ವೈಪರ್ ಹಾಕಿದರೆ ಹಾರ್ನ್ ಕೂಗುತ್ತದೆ, ಹಾರ್ನ್ ಒತ್ತಿದರೆ ಒಳಗಿನ ದೀಪ ಹತ್ತುತ್ತದೆ. ಶೆಟ್ಟರು ಗಲಿಬಿಲಿಯಾಗಿ, ‘ನಾನೇ ತಪ್ಪು ಒತ್ತಿದೆನಾ ಮಾರಾಯ?’ ಎಂದು ಸ್ಟೀರಿಂಗನ್ನೇ ಕೇಳುತ್ತಾರೆ. ಉಳಿದ ಬೋಲ್ಟುಗಳನ್ನು ಹುಡುಗರು ಚಟ್ನಿ ಬಟ್ಟಲಲ್ಲಿ ತಂದಿಟ್ಟು ‘ಕಾಕಾ, ಎಕ್ಸ್‌ಟ್ರಾ ಛೇ’, ಹೆಚ್ಚಾಗಿವೆ, ಎಂದು ಗುಜರಾತಿಯಲ್ಲಿ ಹೇಳಿದರೆ, ಕಂಪನಿಯವರು ಯಾಕೆ ಹೆಚ್ಚು ಹಾಕಿದ್ದರೋ ಎಂದು ತಲೆ ಕೆರೆದುಕೊಂಡು ಎಲ್ಲರಿಗೂ ಮಸಾಲೆ ದೋಸೆ ಹಾಕಿಸುತ್ತಾರೆ. ‘ಗ್ಯಾರೇಜಿಗೆ ಕೊಡಿ ಅಂದ್ರೆ ಇವ್ರು ಕೇಳೂದೇ ಇಲ್ಲ’ ಎಂದು ಹೆಂಡತಿ ರಾಜಮ್ಮ ಗೊಣಗುತ್ತಲೇ ಇರುತ್ತಾರೆ. ಆದರೆ ಆ ಮಕ್ಕಳಲ್ಲೊಬ್ಬಳಾದ ಕಿಂಜಲ್ ಎಂಬ ಹುಡುಗಿ ಮೊದಲ ಸಲ ಶೆಟ್ಟರ ಕಾರಿಗೆ ಬ್ರೇಕ್ ಜೋಡಿಸಿದ ದಿನ, ಅವರ ಮೇಷ್ಟ್ರು ನೋಡಿ ಸರಿಯಿದೆ ಎಂದರೂ ಜೊತೆಯ ಹುಡುಗರು ಯಾರೂ ಕಾರು ಹತ್ತದೆ ನಕ್ಕರು. ಅವಳು ಸ್ಪ್ಯಾನರ್ ಕೆಳಗಿಟ್ಟು ಮನೆಗೆ ಹೊರಟುಬಿಟ್ಟಳು. ಯಾವ ನಟ್ಟು ಎಲ್ಲಿಗೆಂದು ಇವತ್ತಿಗೂ ತಿಳಿಯದ ಶೆಟ್ಟರು ಆಗ ಮಾತ್ರ ಒಂಚೂರೂ ಗಲಿಬಿಲಿಯಾಗಲಿಲ್ಲ. ಅದೇ ಕಾರಿನಲ್ಲಿ ರಾಜಮ್ಮನನ್ನು ಪಕ್ಕದಲ್ಲಿ ಕೂರಿಸಿ, ‘ಬೇಸೀ ಜಾ ಬೇಟಾ’, ಕೂತ್ಕೋ ಮಗಾ, ಎಂದು ಕಿಂಜಲಳನ್ನು ಹಿಂದೆ ಹತ್ತಿಸಿಕೊಂಡು ಊರಿನ ಆಚೆ ತುದಿಯ ಮಕರಪುರದವರೆಗೆ ಹೋಗಿ ಬಂದರು. ಇಳಿದವಳೇ ಕಿಂಜಲ್ ಸ್ಪ್ಯಾನರ್ ಎತ್ತಿಕೊಂಡಳು. ಗೋರ್ವಾ ಕಡೆ ಹೋದರೆ ಶೆಟ್ಟರನ್ನು ಕಂಡೇ ಬನ್ನಿ. ಹಾರ್ನ್ ಕೇಳಿದರೆ ಹೆದರಬೇಡಿ, ವೈಪರ್ ಹಾಕಿರುತ್ತಾರೆ.