ಟಬ್ಬಿಗೂ ಗೋಡೆಗೂ ನಡುವಿನ ಸಂದು

ಮೊನ್ನೆ ಶ್ರೀರಾಂಪುರದಲ್ಲಿ ಚಿಕ್ಕಪ್ಪನ ಮಗ ಸುರೇಶನ ಗೃಹಪ್ರವೇಶ. ದೇವರ ಮನೆಗಿಂತ ಮೊದಲು ಅವನು ನನಗೂ ಅಕ್ಕನಿಗೂ ತೋರಿಸಿದ್ದು ಬಚ್ಚಲಿನ ಬಾತ್‌ಟಬ್ಬು. ನಾನು ಟಬ್ಬು ನೋಡಲಿಲ್ಲ ಸ್ವಾಮಿ, ಬಗ್ಗಿ ಅದಕ್ಕೂ ಗೋಡೆಗೂ ನಡುವಿನ ಸಂದು ನೋಡಿದೆ. ಬೆರಳು ತೂರುವಷ್ಟಿತ್ತು. ಭಾವನ ನೆನಪಾಗಿ ಮೈಯೆಲ್ಲ ಉರಿಯಿತು.

ಭಾವ ಅಂದರೆ ಅಕ್ಕನ ಯಜಮಾನರು. ಯಾವುದೋ ದೊಡ್ಡ ಹೋಟೆಲಿನಲ್ಲಿ ಒಂದು ರಾತ್ರಿ ತಂಗಿ ಬಂದಿದ್ದೇ ತಡ, ಕುಂಬಾರಕೊಪ್ಪಲಿನ ಮನೆಗೂ ಟಬ್ಬು ಬಂತು. ಆದರೆ ಅದರಲ್ಲಿ ನೀರು ತುಂಬಿ ಮಲಗುವ ಪೈಕಿಯೇ ಅವರು? “ನಿಂತ ನೀರಲ್ಲಿ ಬಿದ್ಕೊಳ್ಳಕ್ಕೆ ನಾನೇನು ಎಮ್ಮೆನೇನ್ರೀ?” ಎಂದರು. ಟಬ್ಬಿನೊಳಗೊಂದು ಮಣೆ ಹಾಕಿ ಕೂತು, ಚೊಂಬಿನಲ್ಲಿ ದಬದಬ ಸುರಿದುಕೊಳ್ಳುವುದು. ಭಾನುವಾರದ ಎಣ್ಣೆನೀರು ಅಂದರಂತೂ ಸೀಗೆಪುಡಿ ಸಮೇತ ಗೋಡೆಗೇ ಅಭಿಷೇಕ. ಅಷ್ಟೂ ನೀರು ಆ ಸಂದಿನಲ್ಲಿ ಇಳಿಯುತ್ತಿತ್ತು.

ಗೋಡೆಯಾಚೆ ಅಕ್ಕನ ಮಂಚ. ಅಕ್ಕನಿಗೆ ಮೊದಲೇ ಉಬ್ಬಸ. ಬಣ್ಣ ಹಪ್ಪಳದಂತೆ ಉಬ್ಬಿತು, ಉದುರಿತು, ಆಮೇಲೆ ತಲೆದಿಂಬಿನ ಪಕ್ಕದಲ್ಲೇ ಕಪ್ಪು ಬೂಷ್ಟು ಹಬ್ಬಿತು.

“ರೀ, ಆ ಸಂದಿಗೆ ಸಿಲಿಕಾನ್ ತುಂಬ್ಸಿ, ಟೈಲ್ಸ್ ಇನ್ನೊಂದಷ್ಟು ಮೇಲಕ್ಕೆ ಹಾಕ್ಸಿ. ಉಸಿರಾಡಕ್ಕಾಗ್ತಿಲ್ಲ” ಎಂದು ಅಕ್ಕ ಬೇಡಿಕೊಂಡಳು.

“ಬುಡು ಮಾರಾಯ್ತಿ, ಅಂಥಾ ಬಿಳಿ ಟಬ್ಬಿಗೆ ಅಂಟು ಮೆತ್ತಿದಂಗೆ ಕಾಣ್ತದೆ. ನೋಡಿದೋರು ಏನಂದಾರು?”

ನೋಡಿದವರಂತೆ! ಇವರ ಬಚ್ಚಲಿಗೆ ದಸರೆಯ ಜನ ಬರುತ್ತಿದ್ದರು ಪಾಪ! ಈ ಮಹಾನುಭಾವರು ಬೂಷ್ಟಿನ ಮೇಲೆ ತಿಳಿಹಸಿರು ಬಣ್ಣ ಬಳಿಸಿ ಕೈತೊಳೆದುಕೊಂಡರು. ಕೊನೆಗೆ ಅಕ್ಕನಿಗೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಇಟ್ಟಾಗ ಡಾಕ್ಟರ ಮುಂದೆ ಏನಂದರು ಗೊತ್ತೇ? “ಪಕ್ಕದ್ಮನೆ ಪಾರಿವಾಳದ್ದು ಧೂಳು ಕಣ್ರೀ ಡಾಕ್ಟ್ರೇ.” ಅವರ ಮುಖಕ್ಕಿಷ್ಟು!

ಆಮೇಲೆ ಟಬ್ಬು ಕಿತ್ತರು, ಗೋಡೆ ಒಣಗಿತು. ಅಕ್ಕನ ಎದೆ ಮಾತ್ರ ಮೊದಲಿನಂತಾಗಲಿಲ್ಲ. ಈಗಲೂ ನಾಲ್ಕು ಮೆಟ್ಟಿಲು ಹತ್ತಿದರೆ ಚೀಲದಿಂದ ಉಬ್ಬಸದ ಪಂಪು ತೆಗೆಯುತ್ತಾಳೆ.

“ಹೆಂಗಿದೆ ಅಕ್ಕಾ ಟಬ್ಬು?” ಸುರೇಶ ಹಲ್ಲು ಕಿರಿದು ನಿಂತಿದ್ದ. ನನ್ನ ನಾಲಿಗೆಯ ತುದಿಗೆ ಒಳ್ಳೆಯ ಕುಹಕವೊಂದು ಬಂದಿತ್ತು. ಅಷ್ಟರಲ್ಲಿ ಅಕ್ಕ ಗೋಡೆಯ ಮೇಲೆ ಅಂಗೈ ಇಟ್ಟು ಕೇಳಿದಳು: “ಇದರಾಚೆ ಯಾರಪ್ಪ ಮಲಗೋದು?”

“ನನ್ನ ಹೆಂಡ್ತಿ, ಮಗು. ತೊಟ್ಟಿಲು ಅಲ್ಲೇ ಕಟ್ಟಿದೀವಿ.”

ಕೆಳಗೆ ಎಲೆ ಹಾಕಿಯಾಗಿತ್ತು, ಊಟಕ್ಕೆ ಕರೆಯುತ್ತಿದ್ದರು. ಅಕ್ಕ ಟಬ್ಬಿನ ಅಂಚಿನ ಮೇಲೆ ಕೂತುಬಿಟ್ಟಳು.

“ಮೇಸ್ತ್ರಿನ ಕರ್ಸು. ಈ ಸಂದು ಮುಚ್ಚೋವರ್ಗೂ ನಾನು ನಿನ್ನ ಮನೇಲಿ ಎಲೆ ಮುಂದೆ ಕೂರಲ್ಲ.”